ಮುಂಗಡದ ವಹಿಯಿಂದ ಮೊದಲು ಮಾಡಿ: ಕಂಪನಿಯ ಒಳಗೂ ಪೂರೈಕೆ ಸರಪಳಿಯಲ್ಲೂ ಜೀತ ತಡೆಯುವ ಮಾರ್ಗದರ್ಶಿ

ಕಲಬುರಗಿಯ ಒಂದು ಕಂಪನಿಯಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಕಾಲ. ಉಪಗುತ್ತಿಗೆದಾರನೊಬ್ಬನ ಬಿಲ್ಲುಗಳು ನಮ್ಮ ಲೆಕ್ಕಕ್ಕೆ ತಾಳೆಯಾಗದೆ ಅವನ ಮೂಲ ವಹಿಯನ್ನೇ ತರಿಸಿಕೊಂಡಿದ್ದೆ. ಒಂದು ಪುಟದಲ್ಲಿ ಕೂಲಿಯವನೊಬ್ಬನ ಹೆಸರನ್ನು ಹೊಡೆದು ಹಾಕಿ ಪಕ್ಕದಲ್ಲಿ ‘ತೀರಿಕೊಂಡರು, ಬಾಕಿ ಮಗನ ಹೆಸರಿಗೆ’ ಎಂದು ಬರೆದಿತ್ತು. ಅದರ ಕೆಳಗಿನ ಸಾಲಿನಿಂದ ಮಗನ ಹಾಜರಿ ಶುರುವಾಗಿತ್ತು. ಅಕ್ಷರ ದುಂಡಗಿತ್ತು, ತಿದ್ದುಪಡಿ ಇರಲಿಲ್ಲ. ಬರೆದವನಿಗೆ ಮುಚ್ಚಿಡುವಂಥದ್ದು ಏನೂ ಕಂಡಿರಲಿಲ್ಲ. ಆ ಗುತ್ತಿಗೆದಾರನಿಗೆ ತಿಂಗಳು ತಿಂಗಳು ಚೆಕ್ ಬರೆಯುತ್ತಿದ್ದುದು ನಾನೇ.

ನಮ್ಮ ಕಂಪನಿಯಲ್ಲಿ ಮಾನವ ಹಕ್ಕುಗಳ ಕುರಿತು ಒಂದು ನೀತಿಪತ್ರ ಇತ್ತು. ಸ್ವಾಗತ ಕೊಠಡಿಯ ಗೋಡೆಯ ಮೇಲೆ ಚೌಕಟ್ಟಿನಲ್ಲಿ ತೂಗುತ್ತಿತ್ತು. ಅದನ್ನು ಓದಿ ಯಾರೂ ಆ ಹುಡುಗನನ್ನು ಪತ್ತೆ ಹಚ್ಚಲು ಸಾಧ್ಯವಿರಲಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಜೀತ ಬರುವುದು ಮುಂಗಡದ ರೂಪದಲ್ಲಿ. ಆದ್ದರಿಂದ ಈ ಮಾರ್ಗದರ್ಶಿ ಮುಂಗಡದ ಎಳೆಯನ್ನೇ ಹಿಡಿದು ನಡೆಯುತ್ತದೆ. ದಾಲ್ ಮಿಲ್, ಸಿಮೆಂಟ್, ಸಕ್ಕರೆ, ಹತ್ತಿ, ಕಲ್ಲು, ಕಟ್ಟಡ — ಯಾವ ಉದ್ಯಮದಲ್ಲಿದ್ದರೂ ಖರೀದಿ, ಲೆಕ್ಕಪತ್ರ, ಸಿಬ್ಬಂದಿ ವಿಭಾಗಗಳಲ್ಲಿ ಕುಳಿತವರಿಗಾಗಿ ಇದನ್ನು ಬರೆದಿದ್ದೇನೆ.

ಯಾವುದು ಜೀತ

ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದೆ. ಜೀತ ಪದ್ಧತಿ ರದ್ದಾದದ್ದು 1975ರ ಅಕ್ಟೋಬರ್ 25ರಂದು. ಮೊದಲು ಸುಗ್ರೀವಾಜ್ಞೆ, ಬಳಿಕ 1976ರ ಅಧಿನಿಯಮ. ಮುಂಗಡ ಕೊಡುವುದೇ ಅಪರಾಧ ಎಂದು ಆ ಕಾಯ್ದೆ ಹೇಳುವುದಿಲ್ಲ. ಮುಂಗಡವನ್ನು ತಾನು ಪಡೆದಿರಲಿ, ತಂದೆ ತಾತ ಪಡೆದಿರಲಿ, ಅದರ ಕಾರಣದಿಂದ ಒಬ್ಬ ವ್ಯಕ್ತಿ ನಾಲ್ಕು ಸ್ವಾತಂತ್ರ್ಯಗಳಲ್ಲಿ ಒಂದನ್ನು ಕಳೆದುಕೊಂಡರೂ ಅದು ಜೀತ: ಕನಿಷ್ಠ ಕೂಲಿ ಪಡೆಯುವುದು, ಬೇರೆ ಕೆಲಸಕ್ಕೆ ಹೋಗುವುದು, ಬೇಕಾದಲ್ಲಿಗೆ ಓಡಾಡುವುದು, ತಾನು ಬೆಳೆದ ಅಥವಾ ತಯಾರಿಸಿದ ವಸ್ತುವನ್ನು ಮಾರುಕಟ್ಟೆ ಬೆಲೆಗೆ ಮಾರುವುದು. ಸಾಲವೇ ಇಲ್ಲದೆ, ಜಾತಿಯ ಕಟ್ಟುಪಾಡಿನಿಂದ ಮಾಡಿಸುವ ಬಿಟ್ಟಿ ದುಡಿಮೆಯೂ ಇದರೊಳಗೆ ಬರುತ್ತದೆ.

ದೆಹಲಿಯ ಏಷ್ಯನ್ ಕ್ರೀಡಾಕೂಟದ ನಿರ್ಮಾಣ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿದ ಮಾತನ್ನು ಪ್ರತಿ ಖರೀದಿ ಅಧಿಕಾರಿಯೂ ತಿಳಿದಿರಬೇಕು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ, ಏಕೆಂದರೆ ಹಸಿವು ಮತ್ತು ಬಡತನವೂ ಒಂದು ಬಲವಂತ. 1984ರಲ್ಲಿ ಫರೀದಾಬಾದ್‌ನ ಕಲ್ಲು ಗಣಿಗಳ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಬಲವಂತದ ದುಡಿಮೆ ಸಾಬೀತಾದಲ್ಲಿ ಅದು ಮುಂಗಡಕ್ಕೆ ಪ್ರತಿಯಾಗಿ ನಡೆದದ್ದೆಂದೇ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ದುಡಿಸಿದವನದು ಎಂದಿತು. ‘ಸಹಿ ಹಾಕಿಸಿಕೊಂಡಿದ್ದೇವೆ, ಒಪ್ಪಿಯೇ ಬಂದಿದ್ದಾರೆ’ ಎಂಬ ಸಮರ್ಥನೆಗೆ ಇಲ್ಲಿ ಬೆಲೆ ಇಲ್ಲ. ಅಂಥ ಕರಾರುಗಳನ್ನು ಕಾಯ್ದೆಯೇ ಅಸಿಂಧು ಮಾಡಿದೆ. ಶಿಕ್ಷೆ ಮೂರು ವರ್ಷಗಳವರೆಗೆ ಸೆರೆವಾಸ. ತಪ್ಪು ಕಂಪನಿಯದಾದರೆ ಅದರ ವ್ಯವಹಾರ ನಡೆಸುತ್ತಿದ್ದ ವ್ಯಕ್ತಿಗಳೂ ಹೊಣೆಗಾರರು. ದುಡಿದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆಯೂ ಅನ್ವಯಿಸಬಹುದು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, ಹಳೆಯ ಹಲವು ಕಾಯ್ದೆಗಳು ಅವುಗಳಲ್ಲಿ ಸೇರಿಹೋದವು. 1976ರ ಈ ಅಧಿನಿಯಮ ಮಾತ್ರ ಹಾಗೆಯೇ ನಿಂತಿದೆ.

ಹೆಜ್ಜೆ 1: ಗೇಟಿನಿಂದ ಹಿಂದಕ್ಕೆ ನಡೆಯಿರಿ

ನಿಮ್ಮ ಗೇಟಿನೊಳಗೆ ಬರುವ ಪ್ರತಿ ವಸ್ತುವಿಗೂ ಪ್ರತಿ ಆಳಿಗೂ ಒಂದು ದಾರಿ ಇದೆ. ದೊಡ್ಡ ಹಾಳೆಯೊಂದನ್ನು ತೆಗೆದುಕೊಂಡು ಆ ದಾರಿಯನ್ನು ಹಿಮ್ಮುಖವಾಗಿ ಬರೆಯಿರಿ. ಸರಬರಾಜುದಾರನ ಹೆಸರಿಗೆ ನಿಲ್ಲಬೇಡಿ. ಅವನಿಗೆ ಆಳು ಕೊಟ್ಟವರು ಯಾರು, ಆ ಆಳುಗಳನ್ನು ಕರೆತಂದ ಮೇಸ್ತ್ರಿ ಯಾರು, ಅವನು ಯಾವ ಊರಲ್ಲಿ, ಯಾವ ತಾಂಡಾದಲ್ಲಿ ಮುಂಗಡ ಹಂಚಿದ — ಅಲ್ಲಿಯವರೆಗೆ ಹೋಗಬೇಕು.

ದಾಲ್ ಮಿಲ್ ಒಂದನ್ನು ತೆಗೆದುಕೊಳ್ಳಿ. ರೈತ, ಎಪಿಎಂಸಿ, ಅಡತಿ ಅಂಗಡಿ, ಮಿಲ್ — ತೊಗರಿಯ ದಾರಿ ಎಲ್ಲರಿಗೂ ಗೊತ್ತು. 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಕಲಬುರಗಿ ತೊಗರಿಬೇಳೆಯ ಬಗ್ಗೆ ನಮಗೆ ಹೆಮ್ಮೆಯೂ ಇದೆ. ಆದರೆ ಅದೇ ಮಿಲ್ಲಿನ ಹಮಾಲರು ಯಾರ ಕೈಕೆಳಗಿದ್ದಾರೆ? ಕಣದಲ್ಲಿ ಕಾಳು ಒಣಗಿಸುವವರು ಆವರಣದಲ್ಲೇ ಉಳಿದುಕೊಂಡಿದ್ದರೆ ರಾತ್ರಿ ಗೇಟಿನ ಬೀಗದ ಕೈ ಯಾರ ಬಳಿ ಇರುತ್ತದೆ? ಹೊಸ ಗೋದಾಮಿನ ಇಟ್ಟಿಗೆ ಯಾವ ಭಟ್ಟಿಯದು, ನೆಲಕ್ಕೆ ಹಾಸಿದ ಶಹಾಬಾದ್ ಪರಸಿ ಯಾವ ಖಣಿಯದು? ಲಾರಿಯಲ್ಲಿ ಕ್ಲೀನರ್ ಆಗಿ ಕುಳಿತ ಹುಡುಗನ ವಯಸ್ಸೆಷ್ಟು? ತಾವು ಕೊಳ್ಳುವ ಕಚ್ಚಾ ಸರಕನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಕಟ್ಟಡ, ಕಾವಲು, ಸಾಗಾಣಿಕೆ, ಊಟದ ಗುತ್ತಿಗೆಗಳನ್ನು ‘ಇತರೆ ವೆಚ್ಚ’ ಎಂದು ಬದಿಗಿಡುವುದು ಕಂಪನಿಗಳು ಮಾಡುವ ದೊಡ್ಡ ತಪ್ಪು. ಅಪಾಯ ಹೆಚ್ಚಾಗಿ ಕುಳಿತಿರುವುದು ಆ ಇತರೆ ವೆಚ್ಚದಲ್ಲೇ.

ನಮ್ಮ ಮೂರು ಜಿಲ್ಲೆಗಳ ಮಟ್ಟಿಗೆ ನಾನು ಮೊದಲು ಕೆಂಪು ಶಾಯಿಯಲ್ಲಿ ಗುರುತು ಹಾಕುವ ಜಾಗಗಳು ಇವು: ಇಟ್ಟಿಗೆ ಭಟ್ಟಿಗಳು, ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಿನ ಸಣ್ಣ ಕಲ್ಲು ಖಣಿಗಳು, ಕಬ್ಬು ಕಟಾವಿನ ಗ್ಯಾಂಗ್‌ಗಳು, ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಭಾಗದ ಹತ್ತಿ ಹೊಲಗಳು. ಹತ್ತಿಯಲ್ಲಿ ಎರಡು ಸಮಯಗಳಿಗೆ ವಿಶೇಷ ಎಚ್ಚರ ಬೇಕು. ಹೈಬ್ರಿಡ್ ಬೀಜೋತ್ಪಾದನೆಯಲ್ಲಿ ಕೈಯಿಂದ ಪರಾಗಸ್ಪರ್ಶ ಮಾಡಿಸುವ ದಿನಗಳಲ್ಲಿ, ಮತ್ತೆ ಹತ್ತಿ ಬಿಡಿಸುವ ತಿಂಗಳುಗಳಲ್ಲಿ, ಶಾಲೆಯಲ್ಲಿರಬೇಕಾದ ಮಕ್ಕಳು ಸರಕು ವಾಹನ ಹತ್ತುತ್ತಾರೆ. 14 ವರ್ಷದೊಳಗಿನ ಮಗುವನ್ನು ದುಡಿಮೆಗೆ ಹಚ್ಚುವುದನ್ನು 2016ರ ತಿದ್ದುಪಡಿ ನಿಷೇಧಿಸಿದೆ. 14ರಿಂದ 18ರವರೆಗಿನವರಿಗೆ ಅಪಾಯಕಾರಿ ಕೆಲಸ ನಿಷಿದ್ಧ.

ಇನ್ನೊಂದು ದಿಕ್ಕೂ ಇದೆ. ನಮ್ಮ ಜನ ಗುಳೆ ಹೋಗಿ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್‌ಗಳಲ್ಲಿ ದುಡಿಯುತ್ತಾರೆ. ಆ ಊರುಗಳಲ್ಲಿ ನಿಮ್ಮ ಕಂಪನಿಯ ಕಟ್ಟಡ ಏಳುತ್ತಿದ್ದರೆ ಅದರ ಮುಂಗಡವೂ ಇಲ್ಲಿಯ ತಾಂಡಾದಲ್ಲೇ ಕೈ ಬದಲಾಗಿರುತ್ತದೆ.

ಹೆಜ್ಜೆ 2: ಬಾಕಿಯ ಕಾಲಂ ಓದಿ

ಗುತ್ತಿಗೆದಾರರಿಂದ ಮೂರು ಪುಸ್ತಕಗಳನ್ನು ಕೇಳಿ: ಹಾಜರಿ, ಬಟವಾಡೆ, ಮುಂಗಡ. ಮೊದಲೆರಡನ್ನು ಬೇಗ ಕೊಡುತ್ತಾರೆ. ಮೂರನೆಯದು ‘ನಮ್ಮಲ್ಲಿ ಇಲ್ಲ’ ಎನ್ನುತ್ತಾರೆ. ಹಂಗಾಮು ಕಾಲದಲ್ಲಿ ಮುಂಗಡವಿಲ್ಲದೆ ಗ್ಯಾಂಗ್ ಕಟ್ಟಿದ ಮೇಸ್ತ್ರಿಯನ್ನು ನಾನು ಕಂಡಿಲ್ಲ, ಆದ್ದರಿಂದ ಆ ಉತ್ತರವನ್ನೇ ಒಂದು ಸುಳಿವಾಗಿ ಬರೆದುಕೊಳ್ಳಿ. ಬೀದರ್‌ನ ಗಡಿ ಊರುಗಳಲ್ಲಿ ಮರಾಠಿಯ ‘ಉಚಲ್’ ಎಂಬ ಮಾತು ಕೇಳಿ ನೋಡಿ. ಮುಂಗಡ ಎಂದಾಗ ತಲೆಯಾಡಿಸದವರು ಅದಕ್ಕೆ ಉತ್ತರ ಕೊಡುತ್ತಾರೆ.

ಪುಸ್ತಕ ಸಿಕ್ಕಿದರೆ ಏನನ್ನು ನೋಡಬೇಕು? ಕಳೆದ ಹಂಗಾಮಿನ ಬಾಕಿ ಈ ಹಂಗಾಮಿಗೆ ಹರಿದು ಬಂದಿದೆಯೇ ಎಂಬುದು ಮೊದಲನೆಯದು. ಒಬ್ಬರ ಬಾಕಿ ಇನ್ನೊಬ್ಬರ ಹೆಸರಿಗೆ, ಗಂಡನದು ಹೆಂಡತಿಗೆ, ಅಣ್ಣನದು ತಮ್ಮನಿಗೆ ವರ್ಗವಾಗಿದೆಯೇ? ಊರಿಗೆ ಹೋದ ದಿನ, ಜ್ವರದ ದಿನ, ಮಳೆ ಬಂದ ದಿನ ಬಾಕಿ ಏರಿದೆಯೇ? ಅಕ್ಕಿ, ಕಟ್ಟಿಗೆ, ಔಷಧಿಯ ಬೆಲೆ ಯಾವ ದರದಲ್ಲಿ ಬರೆದಿದ್ದಾರೆ? ಗಂಡ ಹೆಂಡತಿ ಇಬ್ಬರೂ ದುಡಿದರೂ ಹಾಜರಿ ಒಂದೇ ಹೆಸರಲ್ಲಿದೆಯೇ? ಇದು ಕಬ್ಬು ಕಟಾವಿನಲ್ಲೂ ಭಟ್ಟಿಯಲ್ಲೂ ಎಷ್ಟು ರೂಢಿಯಾಗಿದೆಯೆಂದರೆ, ಆ ಹೆಂಗಸಿಗೆ ತನ್ನದೆಂಬ ಕೂಲಿಯೊಂದು ಇದೆ ಎಂಬುದೇ ಯಾವ ದಾಖಲೆಯಲ್ಲೂ ಇರುವುದಿಲ್ಲ.

ಬಟವಾಡೆ ಪುಸ್ತಕದಲ್ಲಿ ಎಲ್ಲ ಸಹಿಗಳೂ ಒಂದೇ ಪೆನ್ನಿನ ಒಂದೇ ಕೈಬರಹದವಾಗಿದ್ದರೆ, ಎಲ್ಲರಿಗೂ ಪ್ರತಿ ತಿಂಗಳೂ ಸರಿಯಾಗಿ 26 ಹಾಜರಿಯೇ ಬಿದ್ದಿದ್ದರೆ, ಆ ಪುಸ್ತಕ ನಿಮಗಾಗಿ ಬರೆದದ್ದು. ಬ್ಯಾಂಕ್ ಖಾತೆಗೆ ಕೂಲಿ ಹಾಕಿದ ಮಾತ್ರಕ್ಕೆ ನೆಮ್ಮದಿ ಪಡಬೇಡಿ. ಎಟಿಎಂ ಕಾರ್ಡನ್ನು ಮೇಸ್ತ್ರಿಯೇ ಇಟ್ಟುಕೊಂಡು, ಖಾತೆಗೆ ಬಂದ ಹಣವನ್ನು ತೆಗೆದು ತನ್ನ ಜೇಬಿಗೆ ಇಳಿಸುವುದು ಹಳೆಯ ತಂತ್ರ.

ಹೆಜ್ಜೆ 3: ನೀವು ಕೊಡುವ ದರದಲ್ಲಿ ಕೂಲಿ ಇದೆಯೇ?

ಈ ಹೆಜ್ಜೆಯನ್ನು ಕಂಪನಿಗಳು ಬಿಟ್ಟುಬಿಡುತ್ತವೆ, ಏಕೆಂದರೆ ಇದು ಬೆರಳನ್ನು ನಮ್ಮತ್ತಲೇ ತಿರುಗಿಸುತ್ತದೆ. ಒಂದು ಊಹೆಯ ಲೆಕ್ಕ ಮಾಡೋಣ.

ಇಟ್ಟಿಗೆ ಭಟ್ಟಿಯಲ್ಲಿ ಗಂಡ ಹೆಂಡತಿ ಸೇರಿ ದಿನಕ್ಕೆ 1000 ಇಟ್ಟಿಗೆ ಹಾಕುತ್ತಾರೆ, ಸಾವಿರಕ್ಕೆ 700 ರೂಪಾಯಿ ಎಂದಿಟ್ಟುಕೊಳ್ಳಿ. ತಲೆಗೆ 350 ಆಯಿತು. ಆದರೆ ಅವರು ನಸುಕಿನಲ್ಲಿ ಎದ್ದು 12 ತಾಸು ದುಡಿದಿದ್ದಾರೆ. 8 ತಾಸಿನ ಮೇಲಿನ 4 ತಾಸಿಗೆ ಎರಡು ಪಟ್ಟು ಕೊಡಬೇಕು. ಅಂದರೆ ಅದು 8 ತಾಸಿನ ಕೂಲಿಗೆ ಸಮ. ಒಟ್ಟು 16 ತಾಸಿನ ಕೂಲಿಯನ್ನು 350 ರೂಪಾಯಿಯಲ್ಲಿ ಹೊಂದಿಸಿದರೆ 8 ತಾಸಿಗೆ ಬರುವುದು 175 ರೂಪಾಯಿ. ಕಾರ್ಮಿಕ ಇಲಾಖೆ ಆ ಉದ್ಯಮಕ್ಕೆ ನಿಗದಿ ಮಾಡಿದ ಕನಿಷ್ಠ ಕೂಲಿಯ ಆದೇಶವನ್ನು ಪಕ್ಕದಲ್ಲಿಟ್ಟು ನೋಡಿ. ತುಟ್ಟಿಭತ್ಯೆ ವರ್ಷ ವರ್ಷ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುವುದರಿಂದ ಹೊಸ ಆದೇಶವನ್ನೇ ತರಿಸಿಕೊಳ್ಳಿ.

ಇನ್ನು ಸಾಲ ಹೇಗೆ ಬೆಳೆಯುತ್ತದೆ ಎಂಬುದನ್ನು ಅದೇ ಕುಟುಂಬದ ಲೆಕ್ಕದಲ್ಲಿ ನೋಡಿ. ಮುಂಗಡ 60,000 ರೂಪಾಯಿ. ಹಂಗಾಮು 26 ವಾರ. ವಾರದ ಖರ್ಚಿಗೆ 1,500ರಂತೆ ಕೊಟ್ಟದ್ದು 39,000. 150 ದಿನ ಕೆಲಸ ನಡೆದರೆ ದುಡಿಮೆ 1,05,000. ಮುಂಗಡ ಮತ್ತು ಖರ್ಚು ಕಳೆದು ಆರು ತಿಂಗಳ ಕೊನೆಗೆ ಕೈಗೆ 6,000. ಅಕಾಲಿಕ ಮಳೆಗೆ ಹಸಿ ಇಟ್ಟಿಗೆ ಕರಗಿ, ಮಗುವಿಗೆ ಕಾಯಿಲೆಯಾಗಿ, ಕೆಲಸದ ದಿನಗಳು 120ಕ್ಕೆ ಇಳಿದರೆ ದುಡಿಮೆ 84,000. ಆಗ ಕೊನೆಯಲ್ಲಿ 15,000 ರೂಪಾಯಿ ಬಾಕಿ. ಬರೀ 30 ದಿನಗಳ ವ್ಯತ್ಯಾಸ! ಆ ಕುಟುಂಬ ಮುಂದಿನ ವರ್ಷವೂ ಅದೇ ಭಟ್ಟಿಗೆ ಬರಬೇಕು. ಯಾರೂ ಹೊಡೆದಿಲ್ಲ, ಕೂಡಿಹಾಕಿಲ್ಲ, ಆದರೂ ಗಂಟು ಬಿದ್ದಿದೆ.

ಈಗ ನೀವು ಆ ಇಟ್ಟಿಗೆಗೆ ಕೊಡುವ ಬೆಲೆಯಿಂದ ಮಣ್ಣು, ಕಲ್ಲಿದ್ದಲು, ಸಾಗಾಣಿಕೆ, ಮಾಲೀಕನ ನ್ಯಾಯವಾದ ಲಾಭ ಕಳೆಯಿರಿ. ಉಳಿದದ್ದರಲ್ಲಿ ಇಬ್ಬರಿಗೂ ಕನಿಷ್ಠ ಕೂಲಿ ಮತ್ತು ಹೆಚ್ಚುವರಿ ತಾಸಿನ ಕೂಲಿ ಹಿಡಿಯದಿದ್ದರೆ, ಟೆಂಡರಿನಲ್ಲಿ ಅತಿ ಕಡಿಮೆ ದರ ಕೂಗಿದವನನ್ನು ಆರಿಸಿದ ದಿನವೇ ನೀವು ಆ ಸಾಲಕ್ಕೆ ಜಾಮೀನು ನಿಂತಂತೆ. ಹಮಾಲಿ ದರ, ಕಲ್ಲಿನ ಚದರಡಿ ದರ, ಕಬ್ಬಿನ ಟನ್ ದರ, ಕಾವಲುಗಾರನ ತಿಂಗಳ ದರ — ಎಲ್ಲಕ್ಕೂ ಇದೇ ಲೆಕ್ಕ ಹಾಕಿ. ದರ ಸಾಲದಿದ್ದರೆ ಏರಿಸಿ, ಏರಿಸಿದ ಭಾಗ ಕೂಲಿಗೇ ಹೋಗುವಂತೆ ಕರಾರಿನಲ್ಲಿ ಬರೆಯಿರಿ. ಹಣದ ಈ ತೀರ್ಮಾನವನ್ನು ಆಡಳಿತ ಮಂಡಳಿಯೇ ತೆಗೆದುಕೊಳ್ಳಬೇಕು; ಖರೀದಿ ವಿಭಾಗದ ಗುಮಾಸ್ತನ ಹೆಗಲಿಗೆ ಹಾಕುವುದು ಅನ್ಯಾಯ.

ಹೆಜ್ಜೆ 4: ಹೋಗಿ ನೋಡಿ, ಕುಳಿತು ಕೇಳಿ

ಮುಂಚಿತವಾಗಿ ತಿಳಿಸಿ ಹೋದರೆ ಮಕ್ಕಳು ಇರುವುದಿಲ್ಲ, ಆವರಣ ಗುಡಿಸಿರುತ್ತದೆ, ಉತ್ತರಗಳು ಕಲಿಸಿಟ್ಟಿರುತ್ತವೆ. ತಿಳಿಸದೆ ಹೋಗುವ ಹಕ್ಕನ್ನು ಕರಾರಿನಲ್ಲೇ ಪಡೆದಿರಿ. ಬೆಳಗಿನ ಜಾವ ಅಥವಾ ಸಂಜೆ ಕತ್ತಲಾದ ಮೇಲೆ ಹೋಗಿ. ವಸತಿ, ನೀರು, ಶೌಚಾಲಯ ನೋಡಿ. ತಂಡದಲ್ಲಿ ಒಬ್ಬ ಮಹಿಳೆ ಇರಲೇಬೇಕು. ಭಾಷೆಯ ವಿಷಯದಲ್ಲಿ ಉದಾಸೀನ ಬೇಡ: ನಮ್ಮ ಕಡೆ ಕನ್ನಡ ಬಲ್ಲವರೊಡನೆ ಲಂಬಾಣಿ, ತೆಲುಗು, ಮರಾಠಿ, ಉರ್ದು ಆಡುವವರೂ ಇರುತ್ತಾರೆ, ಉತ್ತರದ ರಾಜ್ಯಗಳಿಂದ ಬಂದ ಹಿಂದಿಯವರೂ ಇರುತ್ತಾರೆ. ಮೇಸ್ತ್ರಿಯನ್ನು ದುಭಾಷಿಯಾಗಿ ಕೂರಿಸಿಕೊಂಡರೆ ಆ ಭೇಟಿ ಅಲ್ಲಿಗೇ ಮುಗಿಯಿತು.

‘ನಿಮ್ಮನ್ನು ಜೀತಕ್ಕೆ ಇಟ್ಟುಕೊಂಡಿದ್ದಾರೆಯೇ?’ ಎಂದು ಯಾರನ್ನೂ ಕೇಳಬೇಡಿ. ಇಲ್ಲ ಎನ್ನುತ್ತಾರೆ, ಸುಳ್ಳೂ ಹೇಳಿರುವುದಿಲ್ಲ. ತಮ್ಮ ಸ್ಥಿತಿಗೆ ಆ ಹೆಸರಿದೆ ಎಂದು ಅವರಿಗೆ ಯಾರೂ ಹೇಳಿಲ್ಲ. ಬದಲಿಗೆ ಬದುಕಿನ ಮಾತು ಕೇಳಿ. ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಿದ್ದಿರಾ? ಎಲ್ಲರೂ ಒಟ್ಟಿಗೆ ಹೋದಿರಾ, ಇಲ್ಲ ಒಬ್ಬರು ಇಲ್ಲೇ ಉಳಿದರಾ? ಈ ಪ್ರಶ್ನೆಯನ್ನು ನಾನು ತಪ್ಪದೆ ಕೇಳುತ್ತೇನೆ. ಬೇಳೆಕಾಳಿನ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಇಡೀ ಮನೆ ಹೊಲಕ್ಕೆ ಹೋಗುವ ಹಬ್ಬ ಅದು. ಕುಟುಂಬದ ಒಬ್ಬರನ್ನು, ಹೆಚ್ಚಾಗಿ ಒಂದು ಮಗುವನ್ನು ಅಥವಾ ಹೆಂಗಸನ್ನು ಉಳಿಸಿಕೊಂಡು ಉಳಿದವರನ್ನು ಕಳುಹಿಸುವುದು ಒತ್ತೆಯಿಡುವುದಕ್ಕೆ ಸಮ. ಉತ್ತರ ಹೇಳುವಾಗ ಅವರ ಕಣ್ಣು ಯಾರತ್ತ ಹೋಗುತ್ತದೆ ಎಂಬುದನ್ನು ಗಮನಿಸಿ.

ಮುಂದಿನ ಪ್ರಶ್ನೆಗಳು: ನಾಳೆ ಬೇರೆ ಕೆಲಸ ಸಿಕ್ಕರೆ ಹೋಗಬಹುದೇ, ಯಾರನ್ನು ಕೇಳಬೇಕು? ಆಧಾರ್, ಪಡಿತರ ಚೀಟಿ, ಎಟಿಎಂ ಕಾರ್ಡ್ ಯಾರ ಹತ್ತಿರ ಇವೆ? ನಿಮ್ಮ ಲೆಕ್ಕದಲ್ಲಿ ಬಾಕಿ ಎಷ್ಟು, ಮೇಸ್ತ್ರಿಯ ಲೆಕ್ಕದಲ್ಲಿ ಎಷ್ಟು? ಹೇಳಿ ಕರೆತಂದ ಕೆಲಸ ಇದೇನಾ? ಮೊಬೈಲ್ ಇದೆಯೇ, ಊರಿಗೆ ಮಾತನಾಡುತ್ತೀರಾ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಬಲವಂತದ ದುಡಿಮೆಗೆ 11 ಸೂಚಕಗಳನ್ನು ಪಟ್ಟಿ ಮಾಡಿದೆ: ಅಸಹಾಯಕತೆಯ ದುರ್ಬಳಕೆ, ಮೋಸ, ಓಡಾಟಕ್ಕೆ ತಡೆ, ಒಂಟಿಯಾಗಿಡುವುದು, ದೈಹಿಕ ಮತ್ತು ಲೈಂಗಿಕ ಹಿಂಸೆ, ಬೆದರಿಕೆ, ಗುರುತಿನ ಪತ್ರ ಇಟ್ಟುಕೊಳ್ಳುವುದು, ಕೂಲಿ ತಡೆಹಿಡಿಯುವುದು, ಸಾಲದ ಬಂಧನ, ಹೀನಾಯ ವಸತಿ ಮತ್ತು ಕೆಲಸ, ಮಿತಿಮೀರಿದ ದುಡಿಮೆ. ಮೇಲಿನ ಸರಳ ಪ್ರಶ್ನೆಗಳು ಇವುಗಳಲ್ಲಿ ಹೆಚ್ಚಿನವನ್ನು ಮುಟ್ಟುತ್ತವೆ. ಹಿಂಸೆಯ ಬಗ್ಗೆ ಮಾತ್ರ ಗುಂಪಿನಲ್ಲಿ ಎಂದೂ ಕೇಳಬೇಡಿ.

ಯಾರು ಏನು ಹೇಳಿದರು ಎಂಬುದು ಗುತ್ತಿಗೆದಾರನ ಕಿವಿಗೆ ಬೀಳಬಾರದು. ಹೆಸರು ಬರೆದುಕೊಳ್ಳಬೇಡಿ, ಫೋಟೊ ತೆಗೆಯಬೇಡಿ. ಒಂದು ವಾರ ಬಿಟ್ಟು ಮತ್ತೆ ಹೋಗಿ, ಮಾತನಾಡಿದವರು ಇನ್ನೂ ಅಲ್ಲಿದ್ದಾರೆಯೇ ನೋಡಿ.

ಹೆಜ್ಜೆ 5: ಮುಂಗಡವನ್ನು ಶುದ್ಧ ಮಾಡಿ

‘ಮುಂಗಡ ಕೊಡದಿದ್ದರೆ ಆಳು ಬರುವುದಿಲ್ಲ ಸಾಹೇಬರೇ’ ಎಂದು ಗುತ್ತಿಗೆದಾರ ಹೇಳುತ್ತಾನೆ. ಅವನ ಮಾತು ಸುಳ್ಳಲ್ಲ. ಮಗಳ ಮದುವೆ, ಆಸ್ಪತ್ರೆ, ಒಣಗಿದ ಬೆಳೆಯ ಸಾಲ — ಇವುಗಳಿಗೆ ಬ್ಯಾಂಕ್ ಬಾಗಿಲು ತೆರೆಯದಿದ್ದಾಗ ಮೇಸ್ತ್ರಿಯ ಕೈಯೇ ಗತಿ. ಮುಂಗಡವನ್ನು ಪೂರ್ತಿ ನಿಷೇಧಿಸಿದ ಕಂಪನಿಗಳಲ್ಲಿ ಅದು ವಹಿಯಿಂದ ಮಾಯವಾಗಿ ಮೇಸ್ತ್ರಿಯ ಡೈರಿಗೆ ಇಳಿಯುತ್ತದೆ, ಅಷ್ಟೇ. ಆದ್ದರಿಂದ ಅದನ್ನು ಬೆಳಕಿಗೆ ತಂದು ಅದರ ಹಲ್ಲು ಕೀಳುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಕರಾರಿನಲ್ಲಿ ಇವನ್ನು ಸೇರಿಸಿ:

- ಮುಂಗಡ ಒಂದು ತಿಂಗಳ ಕೂಲಿಯನ್ನು ಮೀರಬಾರದು, ಬಡ್ಡಿ ಇಲ್ಲ. ಗಂಡಿಗೂ ಹೆಣ್ಣಿಗೂ ಬೇರೆ ಬೇರೆ ಚೀಟಿ, ಅವರವರ ಭಾಷೆಯಲ್ಲಿ ಓದಿ ಹೇಳಿ ಒಂದು ಪ್ರತಿ ಅವರ ಕೈಗೆ.
- ತಿಂಗಳ ಕೂಲಿಯಲ್ಲಿ ಮುರಿದುಕೊಳ್ಳುವುದು ಹತ್ತರಲ್ಲೊಂದು ಭಾಗದೊಳಗೆ. ಎಲ್ಲ ಕಡಿತ ಸೇರಿ ಕೂಲಿಯ ಅರ್ಧ ಮೀರಬಾರದು ಎಂಬುದು ಕಾನೂನಿನ ಹೊರ ಅಂಚು. ಆ ಅಂಚಿನವರೆಗೆ ಹೋಗಲು ಬಿಡಬೇಡಿ.
- ಕೆಲಸಗಾರ ನಡುವೆ ಬಿಟ್ಟು ಹೋದರೆ ಉಳಿದ ಮುಂಗಡ ಗುತ್ತಿಗೆದಾರನ ನಷ್ಟ. ಆ ನಷ್ಟದಲ್ಲಿ ಕಂಪನಿಯೂ ಪಾಲು ಹೊರಲಿ.
- ಸತ್ತವರ, ಹೋದವರ ಬಾಕಿ ಯಾರ ಹೆಸರಿಗೂ ಏರುವುದಿಲ್ಲ.
- ಹಂಗಾಮಿನ ಕೊನೆಯ ದಿನ ಪ್ರತಿ ಖಾತೆಯೂ ಸೊನ್ನೆಗೆ ಬರಬೇಕು.

ಮೂರನೆಯ ಶರತ್ತಿಗೆ ಎಲ್ಲರೂ ತಕರಾರು ಮಾಡುತ್ತಾರೆ. ಅದನ್ನು ಬಿಟ್ಟುಕೊಡಬೇಡಿ. ಹೊರಟುಹೋದರೆ ನಷ್ಟ ತಮಗೇ ಎಂದು ಗೊತ್ತಾದಾಗ ಮಾತ್ರ ಮುಂಗಡದ ಮೊತ್ತ ಇಳಿಯುತ್ತದೆ, ಕೂಲಿ ಸಮಯಕ್ಕೆ ಸರಿಯಾಗಿ ಸಿಗುತ್ತದೆ.

ಕೂಲಿ ತಿಂಗಳು ಮುಗಿದ 7 ದಿನಗಳೊಳಗೆ, ಕೆಲಸ ಬಿಟ್ಟವರಿಗೆ 2 ಕೆಲಸದ ದಿನಗಳೊಳಗೆ ಸೇರಬೇಕು. ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು. ಇವೆಲ್ಲ ಹೊಸ ಸಂಹಿತೆಗಳಲ್ಲೇ ಇವೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮುಖ್ಯ ಮಾಲೀಕನಾದ ಕಂಪನಿಯೇ ಕೊಟ್ಟು ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕು. ಆದರೆ ಇದಕ್ಕೊಂದು ಮರುಮುಖ ಇದೆ. ನೀವು ಗುತ್ತಿಗೆದಾರನ ಬಿಲ್ಲನ್ನು ಮೂರು ತಿಂಗಳು ತಡೆದರೆ ಅವನು ಕೂಲಿ ತಡೆಯುತ್ತಾನೆ, ಕೂಲಿ ತಡೆದ ಮನೆ ಮತ್ತೆ ಸಾಲ ಮಾಡುತ್ತದೆ. ಸರಿಯಾದ ಹೊತ್ತಿಗೆ ಬಿಲ್ಲು ಪಾಸು ಮಾಡುವುದು ಜೀತ ತಡೆಯುವ ಕೆಲಸವೇ ಎಂದು ನಿಮ್ಮ ಲೆಕ್ಕಪತ್ರ ವಿಭಾಗಕ್ಕೆ ಹೇಳಿ. ಮೇಸ್ತ್ರಿಯ ದಲ್ಲಾಳಿ ಹಣವನ್ನೂ ಕಂಪನಿಯೇ ಪ್ರತ್ಯೇಕವಾಗಿ ಕೊಡಲಿ. ಕೆಲಸಗಾರನ ಕೂಲಿಯಿಂದ ಒಂದು ರೂಪಾಯಿಯೂ ಅದಕ್ಕೆ ಹೋಗಬಾರದು.

ಹೆಜ್ಜೆ 6: ದೂರು ಹೇಳಲು ಒಂದು ದಾರಿ

ಕಚೇರಿಯ ಮುಂದಿನ ದೂರು ಪೆಟ್ಟಿಗೆಗೆ ಭಟ್ಟಿಯ ಕೂಲಿಯವರು ಚೀಟಿ ಹಾಕುವುದಿಲ್ಲ. ಉಚಿತವಾಗಿ ಕರೆ ಮಾಡಬಹುದಾದ ಒಂದು ಫೋನ್ ಸಂಖ್ಯೆ ಇರಲಿ, ಆ ತುದಿಯಲ್ಲಿ ಅವರ ಭಾಷೆ ಬಲ್ಲವರಿರಲಿ. ಸಂಖ್ಯೆಯನ್ನು ಕೂಲಿ ಚೀಟಿಯ ಹಿಂಬದಿಯಲ್ಲೂ ಶೌಚಾಲಯದ ಗೋಡೆಯ ಮೇಲೂ ಬರೆಸಿ. ಜೊತೆಗೆ ಮಕ್ಕಳ ಸಹಾಯವಾಣಿ 1098, ಉಚಿತ ಕಾನೂನು ನೆರವಿನ 15100, ತುರ್ತು ಸಂಖ್ಯೆ 112 ಇರಲಿ. ದೂರು ಕೊಟ್ಟವರನ್ನು ಕೆಲಸದಿಂದ ತೆಗೆದರೆ ಗುತ್ತಿಗೆ ರದ್ದಾಗುತ್ತದೆ ಎಂದು ಮೊದಲೇ ಬರೆದಿಡಿ.

ಹೆಜ್ಜೆ 7: ಜೀತ ಕಂಡಾಗ

ನಾನು ಆ ವಹಿಯನ್ನು ಮೇಲಿನವರಿಗೆ ತೋರಿಸಿದೆ. ಅವರು ಗಾಬರಿಯಾದರು, ಅದು ನಿಜವಾದ ಗಾಬರಿಯೇ. ಒಂದು ವಾರದಲ್ಲಿ ಗುತ್ತಿಗೆ ರದ್ದಾಯಿತು, ಕಡತ ಮುಚ್ಚಿತು. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಗುಡಿಸಲುಗಳು ಖಾಲಿಯಾಗಿದ್ದವು. ಗುತ್ತಿಗೆದಾರ ಎಲ್ಲರ ಬಾಕಿಯನ್ನೂ ಬೇರೊಬ್ಬ ಮಾಲೀಕನಿಗೆ ಮಾರಿ, ಜನರನ್ನು ರಾತ್ರಿ ಲಾರಿಯಲ್ಲಿ ಕಳುಹಿಸಿದ್ದ. ಆ ಹುಡುಗ ಎಲ್ಲಿಗೆ ಹೋದನೆಂದು ನನಗೆ ಇಂದಿಗೂ ತಿಳಿದಿಲ್ಲ. ನಮ್ಮ ಕಂಪನಿಯ ಪುಸ್ತಕ ಸ್ವಚ್ಛವಾಯಿತು.

ಆದ್ದರಿಂದ ಮೊದಲ ಕೆಲಸ ಗುತ್ತಿಗೆ ಕಡಿಯುವುದಲ್ಲ. ಜೀವಕ್ಕೆ ಅಪಾಯವಿದ್ದರೆ 112ಕ್ಕೆ, ಮಕ್ಕಳಿದ್ದರೆ 1098ಕ್ಕೆ ಕರೆ ಮಾಡಿ. ಉಳಿದಂತೆ, ಗುತ್ತಿಗೆದಾರನಿಗೆ ಸುಳಿವು ಕೊಡದೆ ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗದ ಸಹಾಯಕ ಆಯುಕ್ತರಿಗೆ ಲಿಖಿತವಾಗಿ ತಿಳಿಸಿ. ಕಲಬುರಗಿ ಜಿಲ್ಲೆಯಲ್ಲಿ ಸಹಾಯಕ ಆಯುಕ್ತರ ಕಚೇರಿಗಳು ಕಲಬುರಗಿ ಮತ್ತು ಸೇಡಂನಲ್ಲಿವೆ. ಬೀದರ್ ಜಿಲ್ಲೆಯಲ್ಲಿ ಬೀದರ್ ಮತ್ತು ಬಸವಕಲ್ಯಾಣದಲ್ಲಿ. ಯಾದಗಿರಿ ಜಿಲ್ಲೆಗೆ ಯಾದಗಿರಿಯಲ್ಲಿ. ವಿಚಾರಣೆ ನಡೆಸಿ, ಜೀತದಿಂದ ಮುಕ್ತರೆಂದು ಹೇಳುವ ಬಿಡುಗಡೆ ಪತ್ರ ಕೊಡುವ ಅಧಿಕಾರ ಅವರದು. ಜಿಲ್ಲೆ ಮತ್ತು ಉಪವಿಭಾಗ ಮಟ್ಟದ ಜಾಗೃತಿ ಸಮಿತಿಗಳೂ ಇದೇ ಕಾಯ್ದೆಯಡಿ ಇವೆ.

ಬಿಡುಗಡೆ ಪತ್ರಕ್ಕಾಗಿ ಪಟ್ಟು ಹಿಡಿಯಿರಿ. ‘ಊರಿಗೆ ಕಳುಹಿಸಿಬಿಡೋಣ, ರಗಳೆ ಯಾಕೆ’ ಎಂಬ ಸಲಹೆ ಎಲ್ಲ ಕಡೆಯಿಂದಲೂ ಬರುತ್ತದೆ. ಆ ಪತ್ರವಿಲ್ಲದೆ ಊರಿಗೆ ಹೋದವರ ಮನೆ ಬಾಗಿಲಿಗೆ ಮೇಸ್ತ್ರಿ ಬಾಕಿ ಕೇಳಿಕೊಂಡು ಬರುತ್ತಾನೆ. ಬಿಡುಗಡೆಯಾದವರ ಸಾಲ ಕಾನೂನಿನ ಪ್ರಕಾರ ಅಲ್ಲಿಗೇ ಅಳಿಯಿತು. ಅದರ ವಸೂಲಿಗೆ ಯಾವ ನ್ಯಾಯಾಲಯದಲ್ಲೂ ದಾವೆ ಹೂಡುವಂತಿಲ್ಲ, ಅಳಿದ ಸಾಲಕ್ಕೆ ಹಣ ಪಡೆಯುವುದೇ ಅಪರಾಧ, ಒತ್ತೆಯಿಟ್ಟ ವಸ್ತುವನ್ನು ಮರಳಿಸಬೇಕು. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ 30,000 ರೂಪಾಯಿವರೆಗಿನ ತಕ್ಷಣದ ನೆರವಿದೆ, ಮೊಕದ್ದಮೆಯ ತೀರ್ಪಿಗೆ ಅದು ಕಾಯುವುದಿಲ್ಲ. ಅದರ ಮೇಲೆ ವಯಸ್ಕ ಪುರುಷರಿಗೆ 1 ಲಕ್ಷ, ಮಹಿಳೆಯರು ಮತ್ತು ಮಕ್ಕಳಿಗೆ 2 ಲಕ್ಷ, ತೀವ್ರ ಶೋಷಣೆಯ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿವರೆಗೆ ಪುನರ್ವಸತಿ ಧನವಿದೆ.

ಕಂಪನಿ ತನ್ನ ಕಡೆಯಿಂದ ಕನಿಷ್ಠ ಕೂಲಿಯ ವ್ಯತ್ಯಾಸವನ್ನು, ಹೆಚ್ಚುವರಿ ತಾಸಿನ ಕೂಲಿಯನ್ನು ಪೂರ್ತಿ ಲೆಕ್ಕ ಹಾಕಿ ಅವರ ಕೈಗೇ ಸೇರಿಸಬೇಕು, ಪ್ರಯಾಣದ ವೆಚ್ಚ ಕೊಡಬೇಕು, ಬಯಸಿದವರಿಗೆ ನೇರವಾಗಿ ಕೆಲಸ ಕೊಡಬೇಕು. ಗುತ್ತಿಗೆ ಮುಂದುವರಿಸುವ ಅಥವಾ ನಿಲ್ಲಿಸುವ ಮಾತು ಇದೆಲ್ಲ ಆದ ಮೇಲೆ. ತಪ್ಪು ಒಪ್ಪಿ ತಿದ್ದಿಕೊಳ್ಳುವ ಸಣ್ಣ ಗುತ್ತಿಗೆದಾರನಿಗೆ ಅವಕಾಶ ಕೊಡಬಹುದು. ಮುಚ್ಚಿಟ್ಟವನಿಗೆ, ಜನರನ್ನು ಸಾಗಿಸಿದವನಿಗೆ ಇಲ್ಲ.

ಹೆಜ್ಜೆ 8: ಹೊರಗಿನವರಿಗೆ ಲೆಕ್ಕ ಒಪ್ಪಿಸುವುದು

ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ ಮೊದಲ 1000 ಕಂಪನಿಗಳು ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ 2022-23ರಿಂದ ವ್ಯವಹಾರ ಹೊಣೆಗಾರಿಕೆಯ ವರದಿ ಸಲ್ಲಿಸಲೇಬೇಕು. ಅದರ ಐದನೇ ತತ್ವ ಮಾನವ ಹಕ್ಕುಗಳದು. ಆಧುನಿಕ ಗುಲಾಮಗಿರಿ ತಡೆಯುವ ಬ್ರಿಟನ್‌ನ 2015ರ ಕಾಯ್ದೆ ಮತ್ತು ಆಸ್ಟ್ರೇಲಿಯಾದ 2018ರ ಕಾಯ್ದೆ ದೊಡ್ಡ ಕಂಪನಿಗಳಿಂದ ವಾರ್ಷಿಕ ಹೇಳಿಕೆ ಕೇಳುತ್ತವೆ. ಬಲವಂತದ ದುಡಿಮೆಯಿಂದ ತಯಾರಾದ ಸರಕನ್ನೇ ತಡೆಯುವ ಐರೋಪ್ಯ ಒಕ್ಕೂಟದ ನಿಯಮ 2027ರ ಡಿಸೆಂಬರ್ 14ರಿಂದ ಅನ್ವಯವಾಗುತ್ತದೆ. ನಮ್ಮ ಕಲ್ಲು, ಹತ್ತಿ, ಬೇಳೆ ಕೊಳ್ಳುವ ವಿದೇಶಿ ಖರೀದಿದಾರರು ಈ ಪ್ರಶ್ನೆಗಳನ್ನು ಕೇಳಿಯೇ ಕೇಳುತ್ತಾರೆ. ‘ಒಂದೂ ಪ್ರಕರಣ ಪತ್ತೆಯಾಗಿಲ್ಲ’ ಎಂದು ಬರೆಯುವ ಮೊದಲು ಎಷ್ಟು ಕಡೆ ಹುಡುಕಿದ್ದೀರಿ ಎಂದು ಬರೆಯಿರಿ. ಎಷ್ಟು ಮುಂಗಡ ಖಾತೆಗಳು ಸೊನ್ನೆಗೆ ಬಂದವು, ಎಷ್ಟು ದರಗಳನ್ನು ಏರಿಸಿದಿರಿ, ಎಷ್ಟು ಜನರಿಗೆ ಬಾಕಿ ಕೂಲಿ ಸಂದಿತು — ಈ ಅಂಕಿಗಳಿಗೆ ತೂಕವಿದೆ.

ವರ್ಷದ ವೇಳಾಪಟ್ಟಿ

ಕೆಲಸವನ್ನು ಹಣಕಾಸು ವರ್ಷಕ್ಕೆ ಕಟ್ಟಬೇಡಿ, ಮುಂಗಡದ ಋತುವಿಗೆ ಕಟ್ಟಿ. ಮೇಸ್ತ್ರಿಗಳು ಹಣ ಹಂಚುವ ಮುನ್ನ, ಶ್ರಾವಣದಲ್ಲೇ, ಗುತ್ತಿಗೆದಾರರನ್ನು ಕೂರಿಸಿ ದರದ ಲೆಕ್ಕ ಮುಗಿಸಿ. ದಸರೆಯ ಹೊತ್ತಿಗೆ ಕಬ್ಬಿನ ಗ್ಯಾಂಗ್‌ಗಳು, ದೀಪಾವಳಿಯ ಬಳಿಕ ಭಟ್ಟಿಯ ಕುಟುಂಬಗಳು ಹೊರಡುತ್ತವೆ. ಅಷ್ಟರೊಳಗೆ ಮುಂಗಡದ ಚೀಟಿಗಳು ಅವರ ಕೈಯಲ್ಲಿರಬೇಕು. ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಆಯಾ ಊರಿನ ಶಾಲೆಗೆ ಹೋಗಿ ಹಾಜರಿ ಪುಸ್ತಕ ತೋರಿಸುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿ. ಎಳ್ಳ ಅಮಾವಾಸ್ಯೆಯ ಮರುದಿನ ತಿಳಿಸದೆ ಭೇಟಿ ಕೊಡಿ.

ಯುಗಾದಿಯಿಂದ ಯುಗಾದಿಗೆ ಆಳು ಗೊತ್ತು ಮಾಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ, ಹಳೆಯ ಬಾಕಿ ಹೊಸ ಪುಟಕ್ಕೆ ಏರುವುದೂ ಆಗಲೇ. ಹಬ್ಬದ ಮರುದಿನ ಎಲ್ಲ ಗುತ್ತಿಗೆದಾರರ ಮುಂಗಡದ ವಹಿ ತರಿಸಿ. ಯಾವುದಾದರೂ ಪುಟದಲ್ಲಿ ಒಂದು ಹೆಸರು ಹೊಡೆದು ಪಕ್ಕದಲ್ಲಿ ಇನ್ನೊಂದು ಹೆಸರು ಬರೆದದ್ದು ಕಂಡರೆ, ಅದೇ ದಿನ ಆ ಎರಡನೇ ಹೆಸರಿನವರನ್ನು ಹುಡುಕಿಕೊಂಡು ಹೊರಡಿ.